ಕೊಲೆಯಾದ ಊರಿಗೆ ಬಂದ ಮೊರಾಕ್ಕೊ ಪೊಲೀಸ್

"ನಮ್ಮೂರಲ್ಲಿ ಇಂಥದ್ದೆಲ್ಲ ಆಗೋದೇ ಇಲ್ಲ. ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದೀವಿ." ಹೆಣ ಬಿದ್ದ ಮೇಲೂ ಹೀಗೆ ಹೇಳೋ ಊರುಗಳು ನಮಗೆ ಚೆನ್ನಾಗಿ ಗೊತ್ತು. ಆದರೆ ಇವತ್ತು ನಾನು ಹೇಳ್ತಿರೋ ಊರು ಇಸ್ರೇಲಿನ ಒಂದು ಕಿಬ್ಬುಟ್ಜ್. ಬಾತ್ಯಾ ಗೂರ್ ಅನ್ನೋ ಲೇಖಕಿ 1991ರಲ್ಲಿ ಹೀಬ್ರೂ ಭಾಷೆಯಲ್ಲಿ ಬರೆದ ಪತ್ತೇದಾರಿ ಕಾದಂಬರಿಯ ಊರು. ಇಂಗ್ಲಿಷಿನಲ್ಲಿ ಅದು 'ಮರ್ಡರ್ ಆನ್ ಎ ಕಿಬ್ಬುಟ್ಜ್' ಅಂತ ಬಂದಿದೆ. ಪತ್ತೇದಾರಿ ಕಾದಂಬರಿ ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಕೊಂಡು ಓದಿ ಸೀಟಿನ ಮೇಲೇ ಬಿಟ್ಟು ಇಳಿಯೋ ಪುಸ್ತಕ ಅಂತ ಮೂಗು ಮುರಿಯೋ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಕಿಬ್ಬುಟ್ಜ್ ಅಂದ್ರೇನು ಅಂತ ಹೇಳ್ಬೇಕು. ಯುರೋಪಿನಿಂದ, ಅದರಲ್ಲೂ ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿ ಯುವಕರು 1910ರ ಸುಮಾರಿಗೆ ದೆಗಾನಿಯಾದಲ್ಲಿ ಕಟ್ಟಿದ್ದು ಮೊದಲನೇದು. ಸ್ವಂತ ಆಸ್ತಿ ಇರಲಿಲ್ಲ, ಸಂಬಳ ಇರಲಿಲ್ಲ. ಎಲ್ಲರೂ ಒಂದೇ ಊಟದ ಮನೆಯಲ್ಲಿ ಉಣ್ಣಬೇಕಿತ್ತು. ಬಟ್ಟೆ ಒಗೆಯೋದೂ ಒಟ್ಟಿಗೇ ಆಗ್ತಿತ್ತು. ಹೆಚ್ಚಿನ ಕಿಬ್ಬುಟ್ಜ್‌ಗಳಲ್ಲಿ ಮಕ್ಕಳು ಅಪ್ಪ ಅಮ್ಮನ ಜೊತೆ ಮಲಗೋ ಹಾಗಿರಲಿಲ್ಲ, ಹಸುಗೂಸುಗಳೂ ಮಕ್ಕಳ ಮನೆಯಲ್ಲೇ ಮಲಗಬೇಕಿತ್ತು. ಕಾದಂಬರಿಯ ಹೀಬ್ರೂ ಹೆಸರೇ 'ಲೀನಾ ಮೆಶುತೆಫೆತ್', ಅಂದ್ರೆ ಒಟ್ಟಾಗಿ ಮಲಗೋದು.

ಕಿಬ್ಬುಟ್ಜ್‌ನ ಕಾರ್ಯದರ್ಶಿ ಓಸ್ನತ್ ಅನ್ನೋ ಹೆಣ್ಣುಮಗಳು. ಮಕ್ಕಳು ಅವರವರ ಮನೆಯಲ್ಲೇ ಮಲಗಲಿ ಅನ್ನೋ ಬದಲಾವಣೆಗೆ ಓಡಾಡ್ತಿರ್ತಾಳೆ. ಊರು ಕಟ್ಟಿದ ಹಿರಿಯರಿಗೆ ಇದು ಸಿದ್ಧಾಂತಕ್ಕೇ ಕೊಡಲಿ ಹಾಕಿದ ಹಾಗೆ. ಅವಳು ಸಾಯೋದು ಹೊಲಕ್ಕೆ ಹೊಡೆಯೋ ಪ್ಯಾರಾಥಿಯಾನ್ ವಿಷದಿಂದ. ಗಮನಿಸಿ, ಓಸ್ನತ್ ಅಲ್ಲಿ ಹುಟ್ಟಿದವಳಲ್ಲ. ಚಿಕ್ಕಂದಿನಲ್ಲಿ ಹೊರಗಿನಿಂದ ಬಂದು ಸೇರಿಕೊಂಡವಳು. ಅಲ್ಲೇ ಬೆಳೆದು, ಮದುವೆಯಾಗಿ, ಕಾರ್ಯದರ್ಶಿ ಆದರೂ ಒಂದು ಗೆರೆ ಉಳ್ಕೊಂಡೇ ಇರುತ್ತೆ. ಕೊಂದವರು ಯಾರು ಅಂತ ನಾನು ಹೇಳಲ್ಲ, ನೀವೇ ಓದಿ.

ನನ್ನನ್ನ ಹಿಡಿದು ನಿಲ್ಲಿಸಿದ್ದು ತನಿಖೆಗೆ ಬರೋ ಅಧಿಕಾರಿ ಮೈಕೆಲ್ ಒಹಾಯೋನ್. ಹುಟ್ಟಿದ್ದು ಮೊರಾಕ್ಕೊದಲ್ಲಿ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಸಮಾನತೆಯ ಸ್ವರ್ಗ ಕಟ್ಟಿದೀವಿ ಅಂದ್ಕೊಂಡ ಯುರೋಪಿಯನ್ ಯಹೂದಿಗಳ ಊರಲ್ಲಿ ಅವರನ್ನೇ ಕೂರಿಸಿ ಪ್ರಶ್ನೆ ಕೇಳೋನು ಇವನು!

ಇದು ಯಾಕೆ ದೊಡ್ಡ ಮಾತು ಅಂತ ಗೊತ್ತಾಗ್ಬೇಕಾದ್ರೆ ಇತಿಹಾಸ ನೋಡ್ಬೇಕು. 1912ರಲ್ಲಿ ಯೆಮೆನ್‌ನಿಂದ ಬಂದ ಯಹೂದಿ ಕುಟುಂಬಗಳು ಕಿನ್ನೆರೆತ್ ಸರೋವರದ ದಡದಲ್ಲಿ ನೆಲೆ ನಿಂತವು. ಕಾಯಿಲೆಗೆ ಎಷ್ಟೋ ಜನರನ್ನ ಕಳ್ಕೊಂಡು 18 ವರ್ಷ ಅಲ್ಲೇ ದುಡಿದರು. 1930ರಲ್ಲಿ ಅವರನ್ನ ಎಬ್ಬಿಸಿ ದೂರದ ಮಾರ್ಮೊರೆಕ್‌ಗೆ ಸಾಗಿಸಿದರು. ನೆಲ, ನೀರು ಪಕ್ಕದ ಯುರೋಪಿಯನ್ ಸಮುದಾಯಕ್ಕೆ ಉಳೀತು. ಒಂದೇ ಧರ್ಮ, ಒಂದೇ ದೇವರು, ಒಂದೇ ಪ್ರಾರ್ಥನೆ. ಆದರೂ ಜಾಗ ಬೇರೆ ಬೇರೆ. ನಮಗೆ ಇದನ್ನ ಬಿಡಿಸಿ ಹೇಳಬೇಕಾ?

1950ರ ದಶಕದಲ್ಲಿ ಮೊರಾಕ್ಕೊ, ಇರಾಕ್‌ಗಳಿಂದ ಬಂದವರನ್ನ ಡೇರೆ, ತಗಡಿನ ಶೆಡ್‌ಗಳಲ್ಲಿ ಇಟ್ಟರು. ಆಮೇಲೆ ಎಷ್ಟೋ ಜನರನ್ನ ಗಡಿಯಂಚಿನ ಹೊಸ ಊರುಗಳಿಗೆ ಕಳಿಸಿದರು. ಆ ಊರುಗಳ ಜನ ಪಕ್ಕದ ಕಿಬ್ಬುಟ್ಜ್‌ಗಳ ಕಾರ್ಖಾನೆಗೆ, ಹೊಲಕ್ಕೆ ಕೂಲಿಗೆ ಹೋದರು. ಕೂಲಿಯಾಳು ಇಟ್ಕೊಳ್ಳೋದು ತಪ್ಪು ಅಂತ ಸಿದ್ಧಾಂತ ಇದ್ದ ಕಿಬ್ಬುಟ್ಜ್‌ಗೇ! 1959ರಲ್ಲಿ ಹೈಫಾದ ವಾದಿ ಸಾಲಿಬ್‌ನಲ್ಲಿ ಮೊರಾಕ್ಕೊ ಮೂಲದವರು ದಂಗೆ ಎದ್ದರು. 1971ರಲ್ಲಿ ಜೆರುಸಲೇಮಿನ ಮುಸ್ರಾರ ಕೇರಿಯ ಹುಡುಗರು ಅಮೆರಿಕದ ಕರಿಯರ ಹೋರಾಟದ ಹೆಸರನ್ನೇ ತಗೊಂಡು ಬ್ಲ್ಯಾಕ್ ಪ್ಯಾಂಥರ್ಸ್ ಕಟ್ಟಿದರು. ಶ್ರೀಮಂತರ ಮನೆ ಬಾಗಿಲಲ್ಲಿಟ್ಟ ಹಾಲಿನ ಬಾಟಲಿ ಎತ್ಕೊಂಡು ಹೋಗಿ ಬಡವರ ಮಕ್ಕಳಿಗೆ ಕೊಟ್ಟರು. ಅದರ ಮರುವರ್ಷ, 1972ರಲ್ಲಿ, ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮತ್ತವರ ಸಂಗಾತಿಗಳು ದಲಿತ ಪ್ಯಾಂಥರ್ಸ್ ಕಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ.

ಈ ಜಗಳ ಇನ್ನೂ ಮುಗಿದಿಲ್ಲ. ನಿರ್ ಡೇವಿಡ್ ಕಿಬ್ಬುಟ್ಜ್ ಒಳಗೆ ಅಸಿ ಅನ್ನೋ ಹೊಳೆ ಹರಿಯುತ್ತೆ. ಪಕ್ಕದ ಬೇತ್ ಶೆಆನ್ ಊರಿನವರು ಬಹಳಷ್ಟು ಮೊರಾಕ್ಕೊ ಮೂಲದವರು. 2020ರ ಹೊತ್ತಿಗೆ ಅವರು ಗೇಟಿನ ಮುಂದೆ ನಿಂತು ಹೊಳೆ ಎಲ್ಲರದ್ದು, ಬಾಗಿಲು ತೆಗೀರಿ ಅಂತ ಕೂಗಿದರು. ಅದನ್ನ ಓದುವಾಗ 1927ರ ಮಹಾಡ್ ನೆನಪಾಗದೆ ಇರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳಲ್ಲ. ಅವರು ಕೇಳಿದ್ದು ಈಜೋಕೆ. ನಮ್ಮೋರು ಕುಡಿದದ್ದಕ್ಕೆ ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧಿ ಮಾಡಿದರು.

ಇನ್ನೊಂದು ಮಾತು. ಈ ಮೊರಾಕ್ಕೊ ಪೊಲೀಸನಿಗಿಂತ ಹೊರಗೆ ನಿಂತವರೂ ಇದ್ದಾರೆ. 1948ರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳ್ಕೊಂಡರು, ಅವರ ಎಷ್ಟೋ ಹಳ್ಳಿಗಳ ಹೊಲ ಕಿಬ್ಬುಟ್ಜ್‌ಗಳ ಪಾಲಾಯ್ತು. ಒಟ್ಟಾಗಿ ಉಂಡ ಆ ಅನ್ನ ಯಾರ ನೆಲದ್ದು ಅನ್ನೋ ತನಿಖೆಗೆ ಒಹಾಯೋನ್ ಕೂಡ ಸಾಕಾಗಲ್ಲ.

ಪತ್ತೇದಾರಿ ಕಥೆಗೆ ಒಂದು ನಂಬಿಕೆ ಇದೆ: ಕೊಂದವನು ಯಾರು ಅಂತ ಗೊತ್ತಾದ್ರೆ ಸಾಕು, ಕಥೆ ಮುಗೀತು. ನನಗೆ ಈ ಪ್ರಕಾರದ ಮೇಲಿರೋ ತಕರಾರು ಇದೇ. ನಮ್ಮಲ್ಲಿ ಕಥೆ ಶುರುವಾಗೋದೇ ಅಲ್ಲಿಂದ. ಈ ಕಾದಂಬರಿ ಬಂದ 1991ರಲ್ಲೇ ಆಂಧ್ರದ ಚುಂಡೂರಿನಲ್ಲಿ ದಲಿತರನ್ನ ಹಗಲಲ್ಲೇ ಅಟ್ಟಾಡಿಸಿ ಕೊಂದರು. 2007ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಡ್ತು, 2014ರಲ್ಲಿ ಹೈಕೋರ್ಟ್ ಎಲ್ಲರನ್ನೂ ಬಿಡ್ತು. ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿ ಹೇಳಬೇಕಾದವನು ನಾಳೆ ಅದೇ ಊರಲ್ಲಿ ಕೂಲಿ ಕೇಳಬೇಕು, ಅದೇ ಅಂಗಡಿಗೆ ಹೋಗಬೇಕು. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹಾಡಿ ಹೊಗಳೋರಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟಿದ್ದು ಸುಮ್ನೆ ಅಲ್ಲ.

ಬಾತ್ಯಾ ಗೂರ್ 2005ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಇಂಥದ್ದೊಂದು ಬರಬೇಕು ಅಂತ ನನ್ನಾಸೆ. ಊರಿನ ಠಾಣೆಗೆ ವರ್ಗವಾಗಿ ಬಂದ ನಮ್ಮ ಕೇರಿಯ ಒಬ್ಬ ಸಬ್‌ಇನ್ಸ್‌ಪೆಕ್ಟರ್. ಗೌಡರ ಜಗಲಿಯಲ್ಲಿ ಹೇಳಿಕೆ ಬರ್ಕೋಬೇಕು. ಅವಳಿಗೆ ಕಾಫಿ ಯಾವ ಲೋಟದಲ್ಲಿ ಕೊಡ್ತಾರೆ? ಬರೆಯೋ ಹುಡುಗ ಹುಡುಗಿಯರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಪುಸ್ತಕ ನನ್ನ ಹತ್ರ ಇದೆ, ಕೊಡ್ತೀನಿ.

ಜೈಭೀಮ್.