ಕೀಲಿಮಣೆ

ಸಂಸ್ಕೃತದ ‘ಕೀಲ’ ಶಬ್ದಕ್ಕೆ ಗೂಟ, ಮೊಳೆ, ಅಗುಳಿ ಎಂಬ ಅರ್ಥಗಳುಂಟು. ನಮ್ಮ ‘ಕೀಲಿ’ ಆ ಮೂಲದಿಂದಲೇ ಬಂದುದು. ‘ಮಣೆ’ಯಾದರೋ ಅಚ್ಚಗನ್ನಡದ ಮಾತು, ಈಳಿಗೆಮಣೆಯಿಂದ ಹಸೆಮಣೆಯವರೆಗೆ ನಮ್ಮ ಗೃಹಜೀವನದ ಸಮಸ್ತ ವ್ಯವಹಾರದಲ್ಲಿಯೂ ಅದಕ್ಕೆ ಸ್ಥಾನವುಂಟು. ಈ ಎರಡರ ಸಂಯೋಗದಿಂದ ಗಣಕಯಂತ್ರದ ಅಕ್ಷರಫಲಕಕ್ಕೆ ‘ಕೀಲಿಮಣೆ’ಯೆಂಬ ಹೆಸರು ಸಿದ್ಧವಾಯಿತು. ಎಂತಹ ಸೊಗಸಾದ ಸಮಾಸವಿದು!

ಮೈಸೂರು ಸೀಮೆಯವರು ‘ಬೀಗ’ ಎನ್ನುವುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ‘ಕೀಲಿ’ ಎನ್ನುವರು. ಅದನ್ನು ತೆರೆಯುವುದು ‘ಕೀಲಿಕೈ’. ಆದುದರಿಂದ ಆ ಕಡೆಯವರ ಕಿವಿಗೆ ಕೀಲಿಮಣೆಯೆಂಬುದು ಬೀಗಗಳ ಹಲಗೆಯಾಗಿಯೂ ಕೇಳಿಸೀತು.

ಆ ಅರ್ಥವೂ ಒಮ್ಮೊಮ್ಮೆ ಸಾರ್ಥಕವೇ. ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಅಳವಡಿಸಿಕೊಂಡ, ಗಣಕದಲ್ಲಿ ಕನ್ನಡ ಬರೆಯಲು ಬಳಸುವ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ, ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ದಾಟಲು ರೂಢಿಯಲ್ಲಿರುವುದು ‘ಸ್ಕ್ರಾಲ್ ಲಾಕ್’ ಎಂಬ ಕೀಲಿ. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇರದಿರುವುದರಿಂದ, ಮನೆಯಲ್ಲಿ ಪತ್ರ ಬರೆಯಲು ಕುಳಿತವರು ತಂತ್ರಾಂಶವೇ ಕೆಟ್ಟಿತೆಂದು ಭಾವಿಸಿ, ಅದನ್ನು ತೆಗೆದು ಮತ್ತೆ ಸ್ಥಾಪಿಸುವ ವ್ಯರ್ಥಶ್ರಮಕ್ಕೆ ಒಳಗಾಗುವರು. ಕೆಟ್ಟಿರುವುದು ಯಾವುದೂ ಇಲ್ಲ. ಕೀಲಿ ಇದೆ, ಕೀಲಿಕೈ ಕಾಣುತ್ತಿಲ್ಲ, ಅಷ್ಟೆ.

ವಿಂಡೋಸ್ ಗಣಕದ ಹುಡುಕುವ ಜಾಗದಲ್ಲಿ ‘ಆನ್-ಸ್ಕ್ರೀನ್ ಕೀಬೋರ್ಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ತೆರೆಯ ಮೇಲೆ ಇಡೀ ಕೀಲಿಮಣೆ ಮೂಡುವುದು. ಅದರಲ್ಲಿ ‘ಸ್ಕ್ರಾಲ್ ಲಾಕ್’ ಕೀಲಿಯೂ ಇರುವುದು. ವಾಚಕರು ತಂತ್ರಾಂಶವನ್ನು ತೆಗೆದುಹಾಕುವ ಮುನ್ನ ದಯವಿಟ್ಟು ಇದನ್ನೊಮ್ಮೆ ಒತ್ತಿ ನೋಡಬೇಕು.