ದಿಂಬಿನ ಪಕ್ಕಕ್ಕೆ ಫೋನು ಬಂದ ಕಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಮಕ್ಕಳು ನಿದ್ದೆಗೆಡುವುದು ಹೊಸದಲ್ಲ. ಬಯಲಾಟವಿದ್ದರೆ ಬೆಳಗಾಗುವವರೆಗೂ ಕೂರುತ್ತಿದ್ದೆವು; ಅದು ಅಪರೂಪಕ್ಕೊಮ್ಮೆ, ಊರೆಲ್ಲ ಸೇರಿ. ಆಮೇಲೆ ಟಿವಿ ಬಂತು. ಆಗ ದೂರದರ್ಶನ ರಾತ್ರಿ ನಿಲ್ಲುತ್ತಿತ್ತು, ಕರೆಂಟು ಅದಕ್ಕೂ ಮೊದಲೇ!

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಆದರೂ ಫೋನು ಹೆಚ್ಚಾಗಿ ಅಪ್ಪನ ಜೇಬಿನಲ್ಲೇ ಇತ್ತು. ನಿಜವಾದ ತಿರುವು 2020 ಎಂದೇ ನಮ್ಮ ಲೆಕ್ಕ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು, ಪಾಠಕ್ಕೆಂದು ಫೋನು ಮಕ್ಕಳ ಕೈಗೆ ಬಂತು. ಶಾಲೆ ತೆರೆದರೂ ಎಷ್ಟೋ ಮನೆಗಳಲ್ಲಿ ಅದು ಅಪ್ಪನಿಗೆ ವಾಪಸ್ ಹೋಗಲಿಲ್ಲ.

ಪರದೆಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ರೀಲ್ಸ್‌ಗಂತೂ ಕೊನೆಯೇ ಇಲ್ಲ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 12ಕ್ಕೆ ಮಲಗಿ, ಬಸ್ಸಿಗೆಂದು 6ಕ್ಕೆ ಏಳುವ ಹುಡುಗನಿಗೆ ಸಿಗುವುದು 6.