ಕರ್ತವ್ಯ, ಡ್ಯೂಟಿ, ಕಾಯಕ

ವೈದ್ಯರಾದ ನಮಗೆ ‘ಡ್ಯೂಟಿ’ ಎಂಬ ಮಾತು ಎಂ.ಬಿ.ಬಿ.ಎಸ್. ದಿನಗಳಿಂದಲೇ ರೂಢಿ. ಮನೆಯಲ್ಲಿ ಕನ್ನಡವನ್ನೇ ಆಡುವವರೂ ‘ರಾತ್ರಿ ಕರ್ತವ್ಯವಿದೆ’ ಎನ್ನುವುದಿಲ್ಲ. ‘ನೈಟ್ ಡ್ಯೂಟಿ ಇದೆ’ ಎಂದೇ ಹೇಳುತ್ತೇವೆ. ಆದರೆ ಈ ಪದಗಳ ಚರಿತ್ರೆಯನ್ನು ಕೆದಕಿದರೆ, ಮಾಡಲೇಬೇಕಾದುದನ್ನು ಒಂದೊಂದು ಭಾಷೆ ಒಂದೊಂದು ಬಗೆಯಲ್ಲಿ ಕಂಡಿರುವುದು ತಿಳಿಯುತ್ತದೆ.

‘ಕರ್ತವ್ಯ’ ಸಂಸ್ಕೃತದಿಂದ ಬಂದದ್ದು. ‘ಕೃ’ ಎಂದರೆ ಮಾಡು. ಅದಕ್ಕೆ ‘ತವ್ಯ’ ಪ್ರತ್ಯಯ ಸೇರಿ ‘ಮಾಡತಕ್ಕದ್ದು’ ಎಂಬ ಅರ್ಥ ಬಂತು. ಪಾಣಿನಿ ತನ್ನ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಈ ಪ್ರತ್ಯಯವನ್ನು ಹೇಳಿದ್ದಾನೆ. ಕೇಳತಕ್ಕದ್ದು ಶ್ರೋತವ್ಯ, ತಿಳಿಯತಕ್ಕದ್ದು ಜ್ಞಾತವ್ಯ. ಆದರೆ ಯಾರಿಗಾಗಿ, ಏತಕ್ಕಾಗಿ ಮಾಡಬೇಕೆಂಬುದನ್ನು ‘ಕರ್ತವ್ಯ’ ಹೇಳುವುದಿಲ್ಲ.

‘ಡ್ಯೂಟಿ’ ಅದನ್ನು ಹೇಳುತ್ತದೆ. ಸಾಲವಿರುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಡೆಬೇರೆ’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಡ್ಯೂಟಿ’ಯಾಯಿತು. ಸಾಲವನ್ನು ಸೂಚಿಸುವ ‘ಡೆಟ್’ ಅದರ ಒಡಹುಟ್ಟು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ವಸೂಲು ಮಾಡುವ ಡ್ಯೂಟಿಯೂ ಇದೇ ಬಳಗದ್ದು! ಈ ಭಾವನೆ ನಮ್ಮವರಿಗೂ ಹೊಸದಲ್ಲ. ದೇವಋಣ, ಋಷಿಋಣ, ಪಿತೃಋಣಗಳ ಕಲ್ಪನೆ ವೇದಕಾಲದಷ್ಟು ಹಳೆಯದು.

ಕನ್ನಡ ನಾಡು ಬೆಳೆಸಿದ ಪದವೆಂದರೆ ‘ಕಾಯಕ’. ಕಾಯ ಎಂದರೆ ಮೈ. 12ನೆಯ ಶತಮಾನದ ಶರಣರು ಮೈಮುರಿದು ಮಾಡುವ ದುಡಿಮೆಗೆ ಪೂಜೆಯ ಘನತೆ ಕೊಟ್ಟರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇವರೆಲ್ಲ ತಮ್ಮ ಕಾಯಕದ ಹೆಸರಿನಿಂದಲೇ ಗೌರವ ಪಡೆದರು. ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಬೇಕಾದಷ್ಟಕ್ಕೆ ನಿಲ್ಲುವುದೂ ಕಾಯಕದ ನಿಯಮವೇ. ಡಾಲರಿನ ನಾಡಿನಲ್ಲಿ ದುಡಿಯುವ ನಾವು ಲಕ್ಕಮ್ಮನನ್ನು ಆಗಾಗ ನೆನೆಯುವುದು ಒಳ್ಳೆಯದು.

ಅಚ್ಚಗನ್ನಡದ ‘ಬೇಕು’ ಇನ್ನೂ ಸೋಜಿಗದ ಪದ. ‘ಹಾಲು ಬೇಕು’ ಎಂದರೆ ಆಸೆ; ‘ಹೋಗಬೇಕು’ ಎಂದರೆ ಕಡ್ಡಾಯ. ಇಂಗ್ಲಿಷಿನಲ್ಲಿ ‘ವಾಂಟ್’ ಬೇರೆ, ‘ಮಸ್ಟ್’ ಬೇರೆ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ‘ಊರಿನ ಅಜ್ಜಿಗೆ ಫೋನ್ ಮಾಡಬೇಕು’ ಎನ್ನುವಾಗ ಅದು ಬರಿಯ ‘ಮಸ್ಟ್’ ಆಗದೆ ‘ವಾಂಟ್’ ಕೂಡ ಆಗಿರಲಿ ಎಂಬುದೇ ಅಲ್ಲವೆ ನಮ್ಮೆಲ್ಲರ ಹಂಬಲ? ಗದರಿಸಿ ಕಲಿಸಿದರೆ ಅದು ಬರುವುದಿಲ್ಲ. ದೊಡ್ಡವರು ಪ್ರೀತಿಯಿಂದ ಮಾಡುವುದನ್ನು ಕಂಡು ಬರಬೇಕು.

ನಮ್ಮ ಕೂಟವೇ ಇದಕ್ಕೆ ನಿದರ್ಶನ. ಇಷ್ಟು ವರ್ಷ ಹಬ್ಬದಡುಗೆ ಬಡಿಸಿ, ಮಕ್ಕಳಿಗೆ ನಾಟಕ ಕಲಿಸಿ, ಕೊನೆಗೆ ಕುರ್ಚಿ ಮಡಿಸಿಟ್ಟು ಮನೆಗೆ ಹೋದವರಿಗೆ ಯಾರೂ ಡ್ಯೂಟಿ ಹಾಕಿರಲಿಲ್ಲ.